ಅರಗಿನ ಇಂಕು, ಅತ್ತೆಯ ಪೆನ್ನು

ಹಣೆಬರಹಕ್ಕಿಂತ ಕೈಬರಹ ಚೆನ್ನಾಗಿರುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇರಬಹುದು. ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುವವರು ಮಾತ್ರ ಇಡೀ ಚಂದ್ರಾ ಲೇಔಟಿಗೆ ಒಬ್ಬರೇ, ನಮ್ಮ ಮನೆ ಮಾಲೀಕರು ಯೋಗಾನಂದರು. ಅವರು ಕೆಳಗೆ, ನಾನು ಮೇಲೆ ಬಾಡಿಗೆಗೆ. ಈ ಕಥೆಯಲ್ಲಿ ನನ್ನ ಕೆಲಸ ಇಷ್ಟೇ: ಗಲಾಟೆ ಕೇಳಿಸಿದಾಗ ಮೆಟ್ಟಿಲಿಳಿದು ಬರುವುದು.

ಯೋಗಾನಂದರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಇಪ್ಪತ್ತೆಂಟು ವರ್ಷ ಕಡತಗಳ ಮೇಲೆ ‘ಪರಿಶೀಲಿಸಿ ಮಂಡಿಸಿದೆ’ ಎಂದು ಬರೆದವರು. ಅವರು ‘ಶೀ’ ಅಕ್ಷರಕ್ಕೆ ಕೊಡುತ್ತಿದ್ದ ದೀರ್ಘ ಪಕ್ಕದ ಮೇಜಿನ ತನಕ ಹೋಗುತ್ತಿತ್ತೆಂದು ಹಳಬರು ಹೇಳುತ್ತಾರೆ. ಆಮೇಲೆ ಕಡತಗಳೆಲ್ಲ ಕಂಪ್ಯೂಟರಿನೊಳಗೆ ಹೋದವು. ದುಂಡಕ್ಷರಕ್ಕೆ ಕೆಲಸವಿಲ್ಲದೆ, ದುಂಡಗಿರುವುದೆಂದರೆ ದೇಹ ಮಾತ್ರ ಎನ್ನುವ ಸ್ಥಿತಿಗೆ ಬಂದಿದ್ದರು.

ಆದರೆ ಅವರ ಅಕ್ಷರಕ್ಕೆ ಇನ್ನೊಂದು ಕಡೆ ಮರ್ಯಾದೆ ಉಳಿದಿತ್ತು. ಅದು ಬ್ಯಾಡರಹಳ್ಳಿಯ ಅತ್ತೆಮನೆ. ಅವರ ಮಾವನವರು ಆ ಊರಿನಲ್ಲಿ ಮೊಟ್ಟಮೊದಲು ಎಸ್ಸೆಸ್ಸೆಲ್ಸಿ ಪಾಸಾದವರು. ಪಾಸಾದ ಸಂತೋಷಕ್ಕೆ ಒಂದು ಫೌಂಟನ್ ಪೆನ್ನು ಕೊಂಡಿದ್ದರು. ಹೆಬ್ಬೆರಳಿನಷ್ಟು ದಪ್ಪ, ಕಾಡಿಗೆಯಷ್ಟು ಕಪ್ಪು. ಆ ಮನೆತನದಲ್ಲಿ ಯಾರ ಮದುವೆಯಾದರೂ ಪುರೋಹಿತರು ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿದ್ದರು, ಮಾವನವರು ಆ ಪೆನ್ನಿನಲ್ಲಿ ಲಗ್ನಪತ್ರಿಕೆ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಮುನಿಲಕ್ಷ್ಮಮ್ಮನವರು ಪೆನ್ನನ್ನು ಟ್ರಂಕಿನಲ್ಲಿಟ್ಟು, ಬರೆಯುವ ಕೆಲಸವನ್ನು ಅಳಿಯನಿಗೆ ವಹಿಸಿದರು. ಯೋಗಾನಂದರ ಬಾಳಿನಲ್ಲಿ ಅವರಿಗೆ ಸಿಕ್ಕ ಏಕೈಕ ಬಡ್ತಿ ಅದು.

ಆ ಬಡ್ತಿಗೆ ಹೋದ ವರ್ಷ ಸಂಚಕಾರ ಬಂತು. ಭಾಮೈದ ವೆಂಕಟೇಶನ ಮಗಳು ಸ್ಪಂದನಳ ಲಗ್ನಪತ್ರಿಕೆ. ಯೋಗಾನಂದರು ನೀಲಿ ಇಂಕಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದರು. ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ಪದ್ಧತಿ. ವೆಂಕಟೇಶ ಎಲ್ಲ ಕೆಲಸದಲ್ಲೂ ಧಾರಾಳಿ. ಕಲಸಿದ ಅರಿಶಿನವನ್ನು ಗೋಡೆಗೆ ಸುಣ್ಣ ಹೊಡೆದ ಹಾಗೆ ಬಳಿದ. ನೀರು ಇಳಿಯಿತು, ಇಂಕು ಹರಡಿತು. ವರನ ಹೆಸರು ಸಾಗರ್. ಹೆಸರಿಗೆ ತಕ್ಕಂತೆ ಆ ಜಾಗದಲ್ಲೊಂದು ನೀಲಿ ಸಾಗರವೇ ಉಂಟಾಯಿತು.

“ಗಂಡಿನ ಹೆಸರೇ ಮುಳುಗೋಯ್ತಲ್ಲಪ್ಪೋ!” ಎಂದು ಬೀಗರ ಕಡೆಯ ಮುದುಕಿಯೊಬ್ಬರು ಎದೆ ಹಿಡಿದುಕೊಂಡರು. ಹುಡುಗ ಹುಡುಗಿ ಈಗ ಸುಖವಾಗಿದ್ದಾರೆ. ಆದರೆ ಸಾಗರನಿಗೆ ನೆಗಡಿಯಾದಾಗಲೂ ವೆಂಕಟೇಶ ಭಾವನಿಗೆ ಫೋನ್ ಮಾಡುತ್ತಾನೆ: “ನಿಮ್ಮ ಇಂಕು ಕಣ್ ಭಾವ.”

ಈಗ ಯೋಗಾನಂದರ ಸ್ವಂತ ಮಗಳು ಕೀರ್ತನಾಳ ಸರದಿ. ಹುಡುಗ ಮಧುಕುಮಾರ್, ಅನ್ನಪೂರ್ಣೇಶ್ವರಿ ನಗರದಲ್ಲಿ ಹಲ್ಲಿನ ಡಾಕ್ಟರು. ಭಾನುವಾರ ಬೆಳಿಗ್ಗೆ ಚಂದ್ರಾ ಲೇಔಟಿನ ಮನೆಯಲ್ಲೇ ಲಗ್ನಪತ್ರಿಕೆ ಶಾಸ್ತ್ರ. ಸೋಮವಾರವೇ ಮುನಿಲಕ್ಷ್ಮಮ್ಮನವರು ಪೆನ್ನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಳಿಯನ ಕೈಗಿಟ್ಟು ಹೇಳಿದ್ದರು: “ಅಳಿಯಂದ್ರೇ, ನಿಮ್ ಮಾವ ಹೋದ್ರೂ ಇದು ಅದೆ. ಇದೂ ಹೋಯ್ತು ಅಂದ್ರೆ ಅವರು ಇನ್ನೊಂದ್ ಸಲ ಹೋದಂಗೆ ನಂಗೆ.”

ಯೋಗಾನಂದರು ಅಂದೇ ಪ್ರತಿಜ್ಞೆ ಮಾಡಿದರು. ಈ ಸಲ ಅರಿಶಿನವಲ್ಲ, ಕಾವೇರಿ ನೀರು ಬಿದ್ದರೂ ಅಳಿಸದ ಇಂಕು ತರುತ್ತೇನೆ!

ಮಂಗಳವಾರ ವಿಜಯನಗರದ ಸ್ಟೇಷನರಿ ಅಂಗಡಿಯಲ್ಲಿ ಆ ಇಂಕು ಸಿಕ್ಕಿತು. ಚೌಕಾಕಾರದ ಸೀಸೆ, ಕಪ್ಪು ಇಂಕು, ಮೇಲೊಂದು ಹಕ್ಕಿಯ ಚಿತ್ರ, ಸುತ್ತ ಯಾವುದೋ ದೇಶದ ಲಿಪಿ. ಅಂಗಡಿಯವನಿಗೂ ಅರ್ಥವಾಗುತ್ತಿದ್ದದ್ದು ಅವನೇ ಅಂಟಿಸಿದ ಚೀಟಿ ಮಾತ್ರ: ‘ಡ್ರಾಯಿಂಗ್ ಇಂಕ್. ವಾಟರ್‌ಪ್ರೂಫ್.’

“ಫೌಂಟನ್ ಪೆನ್ನಿಗೆ ಹಾಕಬಹುದಾ? ಸೇಫಾ?” ಎಂದರು ಯೋಗಾನಂದರು.

“ಸಾರ್, ಇದುವರೆಗೂ ಒಬ್ರೂ ಕಂಪ್ಲೇಂಟ್ ಮಾಡಿಲ್ಲ.”

“ಎಷ್ಟು ಜನ ತಗೊಂಡಿದಾರೆ?”

“ನೀವೇ ಫಸ್ಟು.”

ಇಷ್ಟು ಪ್ರಾಮಾಣಿಕನಾದ ವ್ಯಾಪಾರಿಗೆ ಇಲ್ಲವೆನ್ನಲಾದೀತೆ? ಸೀಸೆ ಮನೆಗೆ ಬಂತು. ಒಂದು ಕಾಗದದ ಮೇಲೆ ಕಡ್ಡಿಯಲ್ಲಿ ‘ಶ್ರೀ’ ಬರೆದು, ಒಣಗಿಸಿ, ನಲ್ಲಿಯ ಕೆಳಗೆ ಹಿಡಿದರು. ಕಾಗದ ಹರಿಯಿತು, ಶ್ರೀ ಅಳಿಸಲಿಲ್ಲ. ಯೋಗಾನಂದರು ಕುಣಿದಾಡಿಬಿಟ್ಟರು. ಆದರೆ ಪೆನ್ನಿನ ಮುಚ್ಚಳ ತಿರುಗಿಸುವಾಗ ಅತ್ತೆಯ ಮಾತು ನೆನಪಾಗಿ ಅಲ್ಲಿಗೇ ನಿಲ್ಲಿಸಿದರು.

“ರೀ, ಜಂಬಣ್ಣನೋರ್ನ ಒಂದ್ ಮಾತು ಕೇಳಿ,” ಎಂದರು ಹೆಂಡತಿ ಕಲಾ. “ಸುಮ್ನೆ ಹಾಕಿ ಆಮೇಲೆ ನಮ್ಮಮ್ಮನ ಮುಂದೆ ಕೈ ಕಟ್ಕೊಂಡು ನಿಂತ್ಕೋಬೇಡಿ.”

ಜಂಬಣ್ಣನವರು ಹಿಂದಿನ ರಸ್ತೆಯಲ್ಲಿದ್ದಾರೆ. ಗಂಗಾವತಿ ಕಡೆಯವರು, ಎಂಜಿನಿಯರಿಂಗ್ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಡ್ರಾಯಿಂಗ್ ಇಂಕಿನಲ್ಲೇ ಈಜಿದವರು. ಬುಧವಾರ ಬೆಳಿಗ್ಗೆ ಯೋಗಾನಂದರ ಜೊತೆ ನಾನೂ ಹೋದೆ. ಜಂಬಣ್ಣನವರು ಸೀಸೆ ಅಲ್ಲಾಡಿಸಿದರು, ಮೂಸಿದರು, ಒಂದು ತೊಟ್ಟನ್ನು ಎರಡು ಬೆರಳ ನಡುವೆ ಹಿಡಿದು ಅಂಟು ನೋಡಿದರು.

“ಯೋಗಾನಂದವ್ರ, ಡ್ರಾಯಿಂಗ್ ಇಂಕಿನ್ಯಾಗ ಎರಡು ಜಾತಿ ಅದಾವ್ರೀ. ಒಂದರಾಗ ಅರಗು ಇರ್ತದ, ಇನ್ನೊಂದರಾಗ ಇರಂಗಿಲ್ಲ. ಅರಗು ಇದ್ರ ನೀರಿಗೆ ಜಗ್ಗಂಗಿಲ್ಲ, ಖರೆ. ಆದ್ರ ಪೆನ್ನಿನ ಗಂಟಲದಾಗ ಒಣಗಿತಂದ್ರ ಸಿಮೆಂಟ್ ಹಾಕಿದಂಗ.”

“ಅಂದ್ರೆ ಅರಗಿನ ಇಂಕನ್ನ ಪೆನ್ನು ಅರಗಿಸ್ಕೊಳ್ಳಲ್ಲ ಅನ್ನಿ,” ಎಂದೆ ನಾನು. ಇಬ್ಬರೂ ನನ್ನನ್ನು ಇಂಕಿಗಿಂತ ಕಪ್ಪಗೆ ನೋಡಿದರು.

“ಇದ್ರಲ್ಲಿ ಅರಗು ಇದ್ಯಾ?” ಯೋಗಾನಂದರ ಧ್ವನಿ ಕ್ಷೀಣಿಸಿತ್ತು.

“ಮೂಗಿಗೆ ಅದ ಅನಸ್ತದ, ಬೆರಳಿಗೆ ಇಲ್ಲ ಅನಸ್ತದ. ಪರೀಕ್ಷಾ ಮಾಡೂಣು. ಒಂದು ಹಳೇ ಪೆನ್ನು ತರ್ರಿ. ಹಾಕಿ, ಮೂರು ದಿನ ಇಟ್ಟು, ಶನಿವಾರ ಮುಂಜಾನೆ ಬರದು ನೋಡೂಣು.”

“ಹೊಸ ಪೆನ್ನು ತಂದ್ರೆ ಆಗಲ್ವಾ?”

“ಹೊಸಾ ಪೆನ್ನಿನ ಮ್ಯಾಲ ಪರೀಕ್ಷಾ ಮಾಡಿ ಹಳೇ ಪೆನ್ನಿಗೆ ಹಾಕೂದಂದ್ರ, ಹುಡುಗನ ಎಕ್ಸ್‌ರೇ ನೋಡಿ ಮುದುಕನ ಕಾಲು ಕೊಯ್ದಂಗ ಆತದ್ರೀ!”

ಹೀಗೆ ನಮ್ಮ ಯೋಗಾನಂದರು ಒಂದು ಬಲಿಪೆನ್ನಿಗಾಗಿ ಮನೆಮನೆ ಅಲೆಯತೊಡಗಿದರು. ಅವರ ಮೇಲೆ ಒಂದೇ ಕಟ್ಟಳೆಯಿತ್ತು, ಅದೂ ಅವರೇ ಹಾಕಿಕೊಂಡದ್ದು: ಮಾವನ ಪೆನ್ನಿನ ಸುತ್ತ ಈ ಪ್ರಯೋಗ ನಡೆಯುತ್ತಿದೆಯೆಂದು ಅತ್ತೆಗಾಗಲಿ ವೆಂಕಟೇಶನಿಗಾಗಲಿ ತಿಳಿಯಬಾರದು. ಗುಟ್ಟು ಬಿಡದೆ ಕೇಳಬೇಕು. ಗುಟ್ಟು ಬಿಡದೆ ಕೇಳಲು ಬೇಕಾದ ಬುದ್ಧಿವಂತಿಕೆ ದೇವರು ಅವರಿಗೆ ಕೊಟ್ಟಿರಲಿಲ್ಲ.

ಎದುರುಮನೆಯ ಅಂಜನಮ್ಮನವರ ಗೇಟಿನಲ್ಲಿ ನಡೆದ ಸಂಭಾಷಣೆಗೆ ನಾನೇ ಸಾಕ್ಷಿ.

“ಅಂಜನಮ್ಮನೋರೇ, ನಿಮ್ಮ ಮಾವನೋರ ಕಾಲದ್ದು ಇಂಕ್ ಪೆನ್ನು ಏನಾದ್ರೂ ಇದ್ಯಾ? ಹಳೇದೇ ಆಗ್ಬೇಕು.”

“ಯಾಕೆ ಯೋಗಾನಂದೋರೇ?”

“ಏನಿಲ್ಲ, ನಮ್ಮತ್ತೆಯೋರ ವಿಷ್ಯ. ಭಾನುವಾರದೊಳಗೆ ಆಗ್ಬೇಕು. ಇಂಕ್ ತಂದಿದೀನಿ, ನೂರು ವರ್ಷ ಆದ್ರೂ ಅಳಿಸಲ್ಲ, ನೀರಲ್ಲಿ ಅದ್ದಿ ನೋಡಿದೀನಿ. ಯಾರಿಗೂ ಹೇಳ್ಬೇಡಿ. ಅದ್ರಲ್ಲೂ ನಮ್ಮ ಭಾಮೈದಂಗೆ ಗೊತ್ತಾದ್ರೆ ದೊಡ್ಡ ರಾಮಾಯಣ.”

ಅಂಜನಮ್ಮನವರ ಕಣ್ಣು ದೋಸೆಕಲ್ಲಿನಷ್ಟಾಯಿತು. ಹಳೆಯ ಪೆನ್ನು, ಅಳಿಸದ ಇಂಕು, ಎಂಬತ್ತು ದಾಟಿದ ಅತ್ತೆ, ಭಾಮೈದನಿಗೆ ಹೇಳಬಾರದು. ಮಾಗಡಿ ರಸ್ತೆಯ ಸುತ್ತಮುತ್ತ ಹುಟ್ಟಿ ಬೆಳೆದ ಯಾರಿಗೇ ಆಗಲಿ ಈ ನಾಲ್ಕನ್ನು ಕೂಡಿಸಿದರೆ ಬರುವ ಉತ್ತರ ಒಂದೇ: ವಿಲ್ಲು. ಬ್ಯಾಡರಹಳ್ಳಿಯಲ್ಲಿ ಮುನಿಲಕ್ಷ್ಮಮ್ಮನವರ ಹೆಸರಿನಲ್ಲಿ ಇಪ್ಪತ್ತು ಗುಂಟೆ ಜಾಗವಿದೆ. ಮುಂದೆ ಮುಖ್ಯರಸ್ತೆ, ಮಧ್ಯೆ ಒಂದು ಹುಣಸೆಮರ. ಅದರ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿವೆ. ಅಜ್ಜಿ ಮಾತ್ರ ವರ್ಷವರ್ಷ ಹುಣಸೆಹಣ್ಣು ಬಡಿಸಿ ಎಲ್ಲರಿಗೂ ಹಂಚಿ ಸುಮ್ಮನಿದ್ದಾರೆ.

“ಸಾಕ್ಷಿಗೆ ಇಬ್ರು ಬೇಕಾಗುತ್ತಲ್ವಾ?” ಎಂದರು ಅಂಜನಮ್ಮನವರು, ದನಿ ತಗ್ಗಿಸಿ. “ನಾನು, ನಮ್ಮನೆಯೋರು ಇಬ್ರೂ ಬರ್ತೀವಿ.”

“ಇಬ್ರೇ ಯಾಕೆ, ಎಲ್ರೂ ಬನ್ನಿ, ಊಟಕ್ಕೂ ನಮ್ಮಲ್ಲೇ!” ಎಂದರು ಯೋಗಾನಂದರು ಉದಾರವಾಗಿ. ಅಂಜನಮ್ಮನವರು ಒಳಗಿನಿಂದ ತಂದುಕೊಟ್ಟ ಮಾವನ ಪೆನ್ನು ಕೈಗೆ ಸಿಕ್ಕಿದ ಖುಷಿ ಅವರಿಗೆ. ನಾನು ಅಲ್ಲೇ ಒಂದು ಮಾತು ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಕುದಿಯುವ ಹಾಲನ್ನು ನೋಡುತ್ತ ನಿಲ್ಲುವ ಸುಖ ಒಲೆ ಆರಿಸುವವನಿಗೆ ಗೊತ್ತಿಲ್ಲ.

ಅಂಜನಮ್ಮನವರ ತಂಗಿಯನ್ನು ಕೊಟ್ಟಿರುವುದು ಬ್ಯಾಡರಹಳ್ಳಿಗೆ, ಮುನಿಲಕ್ಷ್ಮಮ್ಮನವರ ಮನೆಯ ಎದುರಿಗೆ. ಚಂದ್ರಾ ಲೇಔಟಿನಿಂದ ಬ್ಯಾಡರಹಳ್ಳಿಗೆ ಸಂಜೆ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬೇಕು. ಸುದ್ದಿಗೆ ನಾಲ್ಕು ನಿಮಿಷ ಸಾಕಾಯಿತು.

ಗುರುವಾರ ಬೆಳಿಗ್ಗೆ ಏಳಕ್ಕೆ ವೆಂಕಟೇಶನ ಫೋನು. ಯೋಗಾನಂದರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದರಿಂದ ಮಹಡಿಯವರೆಗೂ ಕೇಳಿಸುತ್ತಿತ್ತು.

“ಭಾವ, ಏನೋ ಬರೆಸ್ತಾ ಇದೀರಂತೆ ಅವ್ವನ ಪೆನ್ನಲ್ಲಿ?”

“ಹೌದಪ್ಪ, ಭಾನುವಾರ. ನಿಂಗೆ ಮೊದ್ಲೇ ಹೇಳಿದ್ನಲ್ಲ.”

“ನಂಗೆ ಹೇಳಿದ್ದು ಲಗ್ನಪತ್ರಿಕೆ ವಿಷ್ಯ! ನೂರು ವರ್ಷ ಅಳಿಸದೇ ಇರೋ ಇಂಕು ಯಾಕಂತೆ?”

ಯೋಗಾನಂದರು ಸಿಕ್ಕಿಬಿದ್ದ ಕಳ್ಳನಂತೆ ಬೆವೆತರು. “ಅದು... ಹೋದ್ವರ್ಷದ ಥರ ಆಗ್ಬಾರ್ದು ಅಂತ... ನೀನು ತಪ್ಪು ತಿಳ್ಕೋಬೇಡ ವೆಂಕಟೇಶ, ಅಮ್ಮಂಗೆ ಹೇಳ್ಬೇಡ...”

“ಆಯ್ತು ಭಾವ. ಆಯ್ತು. ನಮ್ಮವ್ವನ್ನ ಹೆಂಗ್ ನೋಡ್ಕೋಬೇಕು ಅಂತ ನಂಗೂ ಗೊತ್ತು,” ಎಂದು ವೆಂಕಟೇಶ ಫೋನಿಟ್ಟ.

ಅವನು ಹೇಗೆ ನೋಡಿಕೊಂಡನೆಂಬುದು ಬ್ಯಾಡರಹಳ್ಳಿಯ ಇತಿಹಾಸದಲ್ಲಿ ದಾಖಲಾಗುವಂಥದ್ದು. ಅಂದು ಬೆಳಿಗ್ಗೆಯೇ ಅಜ್ಜಿಗೆ ಎಳನೀರು. ಸಂಜೆ ಇನ್ನೊಂದು. ಮೂರು ವರ್ಷದಿಂದ ತಿರುಗದ ಅವರ ಕೋಣೆಯ ಫ್ಯಾನು ಮಧ್ಯಾಹ್ನದೊಳಗೆ ತಿರುಗಿತು. ಮಂಡಿಗೆ ಹಚ್ಚುವ ಎಣ್ಣೆಯನ್ನು ಸೊಸೆಯೇ ಬಿಸಿ ಮಾಡಿ ತಂದಳು. “ಅವ್ವ, ಕಾಲು ನೋಯ್ತದಾ?” ಎಂದು ವೆಂಕಟೇಶ ಗಂಟೆಗೊಮ್ಮೆ ಕೇಳತೊಡಗಿದಾಗ ಅಜ್ಜಿಗೆ ತಮಗೆ ಏನೋ ದೊಡ್ಡ ಕಾಯಿಲೆ ಇದೆಯೆಂದು ದಿಗಿಲಾಯಿತಂತೆ. ಎದುರುಮನೆಯ ಅಂಜನಮ್ಮನ ತಂಗಿ ಬಂದು ಕಿವಿಯಲ್ಲಿ ಕಾರಣ ಊದಿದಳು. ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾಗಿಸಿ, “ಹಂಗಾ?” ಎಂದರಂತೆ. ಅಷ್ಟೇ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಇನ್ನೊಂದು ಎಳನೀರು ಕೇಳಿದರಂತೆ, ಈ ಸಲ ಒಳಗೆ ತಿನ್ನಲು ಗಂಜಿ ಇರೋದು.

ಶುಕ್ರವಾರ ಸಂಜೆ ಮುನಿಲಕ್ಷ್ಮಮ್ಮನವರ ಸವಾರಿ ಚಂದ್ರಾ ಲೇಔಟಿಗೆ ಬಂತು. ಯಾವಾಗಲೂ ಬಸ್ಸಿನಲ್ಲಿ ಚೀಲ ಹಿಡಿದು ಬರುತ್ತಿದ್ದವರು. ಅಂದು ವೆಂಕಟೇಶನ ಕಾರು, ಎಸಿ, ಬೆನ್ನಿಗೆ ದಿಂಬು, ಡಿಕ್ಕಿಯಲ್ಲಿ ಒಂದು ಗೊನೆ ಎಳನೀರು. ಇಳಿದವರೇ, “ಕಲಾ, ನಿನ್ ತಮ್ಮಂಗೆ ದೇವರು ಒಳ್ಳೇ ಬುದ್ಧಿ ಕೊಟ್ಟವ್ನೆ ಕಣೇ. ಎಷ್ಟ್ ದಿನಕ್ಕೆ ಕೊಟ್ಟವ್ನೋ ನೋಡ್ಬೇಕು,” ಎಂದರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಯೋಗಾನಂದರು ಪರೀಕ್ಷೆಯ ಫಲಿತಾಂಶ ನೋಡಲು ಜಂಬಣ್ಣನವರ ಮನೆಗೆ ಓಡಿದರು. ಹೋಗುವ ಮುಂಚೆ ಮಾವನ ಪೆನ್ನನ್ನೂ ಇಂಕಿನ ಸೀಸೆಯನ್ನೂ ದೇವರಮನೆಯಲ್ಲಿಟ್ಟು, “ನಾನು ಬರೋವರ್ಗೂ ಯಾರೂ ಮುಟ್ಬಾರ್ದು,” ಎಂದು ಹೆಂಡತಿಗೆ ಹೇಳಿದರು. ಯಾರೂ ಮುಟ್ಟಬಾರದೆಂದು ಹೇಳಿದ ವಸ್ತುವನ್ನು ಯಾರಾದರೂ ಮುಟ್ಟದೆ ಬಿಟ್ಟ ಉದಾಹರಣೆ ಪುರಾಣದಲ್ಲೂ ಇಲ್ಲ. ನಾನು ಬಾಗಿಲಿಗೆ ಮಾವಿನ ತೋರಣ ಕಟ್ಟಲು ಕುರ್ಚಿ ಹತ್ತಿದ್ದೆ. ಹಾಗಾಗಿ ಮುಂದಿನದೆಲ್ಲ ಮೇಲಿನಿಂದ ಸ್ಪಷ್ಟವಾಗಿ ಕಂಡಿತು.

“ವೆಂಕಟೇಸ, ಆ ಪೆನ್ನು ಈಸ್ಕೊಂಡ್ ಬಾರ್ಲಾ,” ಎಂದರು ಅಜ್ಜಿ. “ಎಲ್ರೂ ಕಣ್ಣು ಕಣ್ಣು ಬಿಟ್ಕೊಂಡು ನೋಡ್ತಾವ್ರೆ. ಒಂದೆರಡಕ್ಷರ ಬರೆದೇ ಬಿಡ್ತೀನಿ.”

“ಅಮ್ಮ, ಬೇಡ, ಅವ್ರು ಬರ್ಲಿ, ಮುಟ್ಬೇಡ ಅಂದಿದಾರೆ,” ಎಂದರು ಕಲಾ.

“ಅಕ್ಕಾ!” ವೆಂಕಟೇಶ ಎದ್ದು ನಿಂತ. “ಭಾವ ಯಾಕೆ ಮುಟ್ಬೇಡ ಅಂದ್ರು ಅಂತ ಒಂದ್ ಸಲ ಯೋಚ್ನೆ ಮಾಡು. ಅವ್ರು ಇದ್ದಾಗ ಮಾತ್ರ ಅವ್ವ ಬರೀಬೇಕಾ?” ಎಂದವನೇ ದೇವರಮನೆಗೆ ಹೋಗಿ, ಪೆನ್ನಿನ ಹೊಟ್ಟೆ ಬಿಚ್ಚಿ, ಆ ಕಪ್ಪು ಇಂಕನ್ನು ಕಂಠಮಟ್ಟ ಸುರಿದ. ಅರಿಶಿನದಲ್ಲಿ ಧಾರಾಳಿಯಾಗಿದ್ದವನು ಇಂಕಿನಲ್ಲಿ ಜಿಪುಣನಾಗುತ್ತಾನೆಯೇ?

ಅಷ್ಟರಲ್ಲಿ ಎದುರುಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಅಂಜನಮ್ಮನವರು ಗಂಡನ ಸಮೇತ, ಇಬ್ಬರೂ ಓದುವ ಕನ್ನಡಕ ಹಾಕಿಕೊಂಡು, ಸಾಕ್ಷಿಗೆ ಬಂದು ಕೂತಾಗಿತ್ತು.

ಅಜ್ಜಿಗೆ ಅವಸರವಿರಲಿಲ್ಲ. ಮುಚ್ಚಳ ತೆಗೆದ ಪೆನ್ನನ್ನು ಫ್ಯಾನಿನ ಕೆಳಗೆ ಮೇಜಿನ ಮೇಲಿಟ್ಟು, “ಕಾಪಿ ಬರ್ಲಿ,” ಎಂದರು. ಕಾಫಿ ಬಂತು. “ಕನ್ನಡಕ ಎಲ್ಲಿ?” ಎಂದರು. ಕನ್ನಡಕ ಬಂತು. ಎಲೆಗೆ ಸುಣ್ಣ ಸವರಿದರು. ತಮಗೆ ಅಕ್ಷರ ಕಲಿಸಿದ್ದೇ ಯಜಮಾನರು, ಅದೂ ಇದೇ ಪೆನ್ನಿನಲ್ಲಿ, ಕೊಟ್ಟಿಗೆಯ ಮುಂದೆ ಕೂರಿಸಿಕೊಂಡು, ಅತ್ತೆಗೆ ಗೊತ್ತಾಗದ ಹಾಗೆ ಎಂದು ನೆನೆಸಿಕೊಂಡರು. “ಒಂದ್ ಸಲ ಅತ್ತೆ ನೋಡ್ಬಿಟ್ರು. ಏನೇ ಅದು ಅಂದ್ರು. ಹಸುಗೆ ಔಷ್ದಿ ಬರೀತಾವ್ನಿ ಅಂದ್ರು ನಮ್ ಯಜಮಾನ್ರು!” ಎಂದು ನಕ್ಕರು. ಆ ದನಿಯನ್ನು ಅನುಕರಿಸಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಬಾಯಲ್ಲಿ ಎಲೆಅಡಿಕೆಯೂ ಎದೆಯಲ್ಲಿ ಅರವತ್ತು ವರ್ಷದ ಸಂಸಾರವೂ ಇಲ್ಲದೆ ಅದು ಬರುವುದಿಲ್ಲ.

ಕಡೆಗೆ ಪೆನ್ನು ಕಾಗದಕ್ಕೆ ತಾಗಿತು. ಅಕ್ಷರಕ್ಕೊಂದು ನಿಮಿಷದಂತೆ, ಅಂಜನಮ್ಮನವರು ಗಟ್ಟಿಯಾಗಿ ಓದುತ್ತ ಹೋದರು:

“ಮುನಿಲಕ್ಷ್ಮಮ್ಮ ಆದ ನಾನು... ಬುದ್ಧಿ ನೆಟ್ಟಗಿರುವಾಗಲೇ... ಬರೆಯುವುದು ಏನೆಂದರೆ...”

ಆಗ ಗೇಟು ಧಡಾರ್ ಎಂದಿತು. ಯೋಗಾನಂದರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಬರಿ. ಕೈಯಲ್ಲಿ ಅಂಜನಮ್ಮನವರ ಮಾವನ ಪೆನ್ನು, ಕಲ್ಲಿನಂತೆ ಗಟ್ಟಿಯಾಗಿ ಸತ್ತುಹೋದದ್ದು. ಹಿಂದೆ ಏದುಸಿರು ಬಿಡುತ್ತ ಜಂಬಣ್ಣನವರು.

“ಅತ್ತೇ! ನಿಲ್ಸಿ! ಒಂದಕ್ಷರ ಬರೀಬೇಡಿ!”

“ಅಯ್ಯೋ ಶಿವನೇ,” ಎಂದು ಅಂಜನಮ್ಮನವರು ಗಂಡನ ಪಕ್ಕೆ ತಿವಿದರು. “ಅಳಿಯನ ಹೆಸರು ಬಿಟ್ಬಿಟ್ಟವ್ರೆ ಕಣ್ರೀ!”

ಯೋಗಾನಂದರು ಮೇಜಿನತ್ತ ಹಾರಿದರು. ವೆಂಕಟೇಶ ಅವರನ್ನು ಸೊಂಟಕ್ಕೆ ತಬ್ಬಿ ಹಿಡಿದ. “ಬಿಡಿ ಭಾವ! ಅವ್ವನ ಇಷ್ಟ, ಅವ್ವ ಬರೀಲಿ!”

“ಹಾಳಾಗೋಗುತ್ತೆ ಕಣೋ ವೆಂಕಟೇಶ! ಎಲ್ಲಾ ಹಾಳಾಗೋಗುತ್ತೆ!”

“ಯಾರ್ ಹಾಳಾಗೋದು? ನೀವಾ ನಾವಾ?”

“ಪೆನ್ನು!”

ಎಲ್ಲರ ಕಣ್ಣೂ ಅಜ್ಜಿಯ ಕೈಯಲ್ಲಿದ್ದ ಪೆನ್ನಿನ ಮೇಲೆ ಹೋಯಿತು.

“ಪೆನ್ನು?” ಎಂದ ವೆಂಕಟೇಶ. “ನೀವು ಇಷ್ಟ್ ದಿನ ಒದ್ದಾಡಿದ್ದು ಪೆನ್ನಿಗಾ? ವಿಲ್ಲಿಗಲ್ವಾ?”

“ಯಾವ ವಿಲ್ಲು?” ಎಂದರು ಯೋಗಾನಂದರು.

ನಾಲ್ಕು ದಿನದಿಂದ ಎರಡು ಬಡಾವಣೆಗಳನ್ನು ಕುದಿಸಿದ ಮಹಾನುಭಾವರಿಗೆ ವಿಲ್ಲಿನ ವಿಷಯ ತಲುಪಿದ್ದು ಅದೇ ಮೊದಲು. ಅವರು ಅಳಿಸದ ಇಂಕು, ಹರಡಿದ ಅರಿಶಿನ, ಅರಗು, ಬಲಿಪೆನ್ನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ವೆಂಕಟೇಶ ಮೆಲ್ಲಗೆ ಅವರ ಸೊಂಟ ಬಿಟ್ಟ. ಎಲ್ಲರೂ ಅಂಜನಮ್ಮನವರ ಕಡೆ ತಿರುಗಿದರು. ಅವರು ಸೀಲಿಂಗಿನ ಕಡೆ ತಿರುಗಿದರು.

“ಅಂದ್ರೆ ವಿಲ್ಲು ಅನ್ನೋದೇ ಇಲ್ಲ,” ಎಂದ ವೆಂಕಟೇಶ. ಡಿಕ್ಕಿಯಲ್ಲಿ ಉಳಿದ ಎಳನೀರನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡಂತೆ ಕಂಡಿತು.

“ಇಲ್ಲ ಅಂತ ಯಾರಂದ್ರು?” ಎಂದರು ಅಜ್ಜಿ ತಣ್ಣಗೆ. “ನಾನು ಬರೀತಾನೇ ಇದೀನಲ್ಲ.”

ನಾವೆಲ್ಲ ಕಾಗದ ನೋಡಿದೆವು. ಗಲಾಟೆಯ ನಡುವೆಯೂ ಅಜ್ಜಿ ಇನ್ನೊಂದು ಪದ ಬರೆದಿದ್ದರು. ‘ಬರೆಯುವುದು ಏನೆಂದರೆ, ನನ್ನ’. ಅಷ್ಟಕ್ಕೇ ಪೆನ್ನು ನಿಂತಿತ್ತು. ಅಜ್ಜಿ ಒತ್ತಿದರು, ಬರಲಿಲ್ಲ. ಕೊಡವಿದರು, ಬರಲಿಲ್ಲ. ಮಾವನ ಪೆನ್ನು ಗಂಟಲು ಕಟ್ಟಿಕೊಂಡಿತ್ತು.

“ನನ್ನ... ನನ್ನ ಏನವ್ವ?” ವೆಂಕಟೇಶನಿಗೆ ತಡೆಯಲಾಗಲಿಲ್ಲ.

“ಬರೀದೆ ಹೆಂಗ್ಲಾ ಹೇಳಾದು? ಬಾಯ್ಮಾತು ನಡೆಯಾಕಿಲ್ಲ ಅಂತ ನೀನೇ ಅಂತಿದ್ದೆ ಮೊನ್ನೆ.”

ಆದರೆ ಅಜ್ಜಿಯ ಕೈ ಪೆನ್ನನ್ನು ಬಿಟ್ಟಿರಲಿಲ್ಲ. ಅದರ ನಿಬ್ಬಿನ ಮುಳ್ಳನ್ನು ಸೆರಗಿನ ತುದಿಯಿಂದ ಒರೆಸಿದರು. ಮತ್ತೆ ಒರೆಸಿದರು. ಬಾಯಿ ಅಗಿಯುವುದನ್ನು ನಿಲ್ಲಿಸಿತ್ತು. ತಮಾಷೆ ಮಾಡಲು ಹೊರಟವರ ಮುಖ ಸಣ್ಣಗಾಗಿತ್ತು. “ಅಳಿಯಂದ್ರೇ,” ಎಂದರು ಮೆತ್ತಗೆ, “ಹೋಯ್ತಾ ಇದು?”

ಯೋಗಾನಂದರು ಪೆನ್ನನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಜಂಬಣ್ಣನವರಿಗೆ ಕೊಟ್ಟರು.

ಜಂಬಣ್ಣನವರು ಪೆನ್ನನ್ನು ಬೆಳಕಿಗೆ ಹಿಡಿದು ನೋಡಿದರು. “ಅಮ್ಮಾರ, ಅಂಜಬ್ಯಾಡ್ರಿ. ಆ ಪೆನ್ನು ಮೂರು ದಿನದ ಹೆಣ, ಇದಿನ್ನೂ ಒಂದು ತಾಸಿನ ರೋಗಿ. ಹಿಂದಕ ನಾವು ನಕ್ಷಾ ಪ್ರಿಂಟ್ ತೆಗಿಯೂದು ಅಮೋನಿಯಾದಾಗ. ಅರಗು ಬಿಡಸ್ಲಿಕ್ಕೆ ಅದ ಬೇಕು. ಒಂದು ಸೀಸೆ ನಮ್ಮನ್ಯಾಗ ಇನ್ನೂ ಅದ. ಆದ್ರ ಒಳಗ ಹೊಕ್ಕು ಅಲುಗಾಡಿಸಿ ತೊಳೆಯೋ ಮಷೀನು ಬೇಕಲ್ರೀ.”

“ಅಂಥ ಮಷೀನು ಮಧು ಕ್ಲಿನಿಕ್ಕಲ್ಲಿದೆ!” ಎಂದಳು ಅಲ್ಲಿಯವರೆಗೂ ಮೊಬೈಲಿನಲ್ಲಿ ಮೆಹೆಂದಿ ಡಿಸೈನು ನೋಡುತ್ತಿದ್ದ ಮದುಮಗಳು ಕೀರ್ತನಾ. “ಹಲ್ಲಿನ ಸಾಮಾನು ಎಲ್ಲಾ ಅದ್ರಲ್ಲೇ ತೊಳೆಯೋದು.”

ವೆಂಕಟೇಶ ಕಾರಿನ ಕೀ ತೆಗೆದುಕೊಂಡ. ಅವನು ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಯಾರನ್ನೂ ಆಸ್ಪತ್ರೆಗೆ ಸೇರಿಸಿರಲಿಲ್ಲ. ಪೆನ್ನು ಅಜ್ಜಿಯ ಮಡಿಲಲ್ಲಿ, ಅಜ್ಜಿ ಮುಂದಿನ ಸೀಟಿನಲ್ಲಿ, ಹಿಂದೆ ಅಮೋನಿಯಾ ಸೀಸೆ ಹಿಡಿದ ಜಂಬಣ್ಣನವರು, ಒಂದೇ ಚಪ್ಪಲಿಯ ಯೋಗಾನಂದರು, ಮಧ್ಯೆ ನಾನು.

ಮಧುಕುಮಾರ್ ಒಬ್ಬ ಗಿರಾಕಿಯ ಬಾಯಿ ತೆರೆಸಿ ಒಳಗೆ ಇಣುಕುತ್ತಿದ್ದ. ಶಾಸ್ತ್ರದ ಹಿಂದಿನ ದಿನ ಹೆಣ್ಣಿನ ಕಡೆಯವರು ಹೀಗೆ ನುಗ್ಗಿದ್ದನ್ನು ನೋಡಿ, ಸಂಬಂಧವೇ ಮುರಿಯಿತೆಂದು ಅವನ ಮುಖ ಬಿಳಿಚಿತು.

“ಮಾವ, ಏನಾಯ್ತು?”

“ಗಂಟಲು ಕಟ್ಕೊಂಡಿದೆಯಪ್ಪ,” ಎಂದರು ಯೋಗಾನಂದರು ಕಣ್ಣೊರೆಸಿಕೊಳ್ಳುತ್ತ. “ಒಂದಕ್ಷರಾನೂ ಹೊರಡ್ತಿಲ್ಲ.”

“ಅಜ್ಜಿಗಾ?”

“ನಂಗೇನಾಗದೆ? ನಿನ್ ಹೆಂಡ್ತಿ ತಾತಂಗೆ!” ಎಂದು ಅಜ್ಜಿ ಮಡಿಲಿನಿಂದ ಪೆನ್ನು ತೆಗೆದು ಅವನ ಕೈಯಲ್ಲಿಟ್ಟರು.

ಹುಡುಗ ಒಳ್ಳೆಯವನು. ನಗಲಿಲ್ಲ. ಕೈಗವಸು ಬದಲಿಸಿದ. ಜಂಬಣ್ಣನವರು ಪೆನ್ನು ಬಿಚ್ಚಿ, ನೀರಿಗೆ ಅಮೋನಿಯಾ ಬೆರೆಸಿ, ಹಿರಿಯ ಸರ್ಜನ್ನಿನಂತೆ “ಇಷ್ಟ ಸಾಕು, ಹೆಚ್ಚಾದ್ರ ರೋಗಿ ಮೈ ಸುಡ್ತದ,” ಎಂದು ಸೂಚನೆ ಕೊಟ್ಟರು. ಮಷೀನು ಗುಂಯ್ ಎಂದಿತು. ನೀರಿನೊಳಗೆ ಕಪ್ಪು ಹೊಗೆಯಂತೆ ಇಂಕು ಬಿಡತೊಡಗಿತು. ನಾವೆಲ್ಲ ತಲೆ ತಲೆ ತಾಗಿಸಿ ನಿಂತಿದ್ದೆವು. ಕುರ್ಚಿಯಲ್ಲಿ ಬಾಯಿ ತೆರೆದೇ ಮಲಗಿದ್ದ ಗಿರಾಕಿ ಅಷ್ಟು ಕಪ್ಪು ನೀರು ನೋಡಿ, “ಆರ್ ಅಲ್ಲು ಆರ್ ಅದು?” ಎಂದು ಕೇಳಿದ. ಯಾರ ಹಲ್ಲದು ಎಂದಿರಬೇಕು.

ನೀರನ್ನು ನಾಲ್ಕು ಸಲ ಬದಲಾಯಿಸಿದರು. ಐದನೆಯ ಸಲ ನೀರು ನೀರಾಗಿಯೇ ಉಳಿಯಿತು. ಪೆನ್ನು ಜೋಡಿಸಿ, ಪಕ್ಕದ ಅಂಗಡಿಯಿಂದ ತರಿಸಿದ, ಶಾಲೆ ಮಕ್ಕಳು ಬಳಸುವ ಸಾಮಾನ್ಯ ನೀಲಿ ಇಂಕು ಹಾಕಿ, ಮಧು ತನ್ನ ಔಷಧಿ ಚೀಟಿಯ ಪುಸ್ತಕ ಮುಂದೆ ಹಿಡಿದ. ಯೋಗಾನಂದರು ಉಸಿರು ಹಿಡಿದು ಬರೆದರು. ‘ಶ್ರೀ’ ಬಂತು. ದೀರ್ಘ ಚೀಟಿಯ ಅಂಚಿನವರೆಗೂ ಹೋಯಿತು.

ಅಜ್ಜಿ ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡರು. ಯೋಗಾನಂದರು ಅಲ್ಲೇ ಖಾಲಿಯಿದ್ದ ಇನ್ನೊಂದು ಹಲ್ಲಿನ ಕುರ್ಚಿಯ ಮೇಲೆ ಕುಸಿದರು. ಅದು ತಾನಾಗಿ ಹಿಂದಕ್ಕೆ ಬಾಗಿ ಅವರ ಕಾಲೆರಡೂ ಮೇಲೆ ಹೋದವು.

ವಾಪಸು ಬರುವಾಗ ಅವರಿಗೆ ಮತ್ತೆ ಚಿಂತೆ. “ಅತ್ತೆ, ಈ ನೀಲಿ ಇಂಕಲ್ಲೇ ಬರೆದ್ರೆ ಅರಿಶಿನಕ್ಕೆ ಮತ್ತೆ ಹರಡುತ್ತಲ್ಲ? ಮಾವ ಬರೀತಿದ್ದಾಗ ಒಂದ್ ಸಲಾನೂ ಯಾಕೆ ಹರಡಿರ್ಲಿಲ್ಲ?”

“ಅರಿಸಿನ ಮೊದ್ಲು ಹಚ್ಚೋದು. ಒಣಗಿದ್ ಮೇಲೆ ಬರೆಯೋದು,” ಎಂದರು ಅಜ್ಜಿ. “ನಾನು ಹಿಂದಿನ್ ದಿನವೇ ಹಚ್ಚಿ ನೆಳ್ಳಾಗೆ ಒಣಗ್ಸಿ ಇಡ್ತಿದ್ದೆ. ಸ್ಪಂದನನ್ ಮದ್ವೇಲಿ ಈ ವೆಂಕಟೇಸ ಬರೆದ್ ಮೇಲೆ ಬಳಿದ.”

ಕಾರು ಒಂದು ಗುಂಡಿಗೆ ಇಳಿದು ಎದ್ದಿತು.

“ಮತ್ತೆ ಒಂದ್ ವರ್ಷದಿಂದ ಹೇಳ್ಲೇ ಇಲ್ವಲ್ಲ ಅತ್ತೆ!”

“ಇಂಕಿನ್ ತಪ್ಪು ಅಂತ ನೀವ್ ನೀವೇ ತೀರ್ಮಾನ ಮಾಡ್ಕೊಂಡ್ರಿ. ನನ್ನ ಯಾರ್ ಕೇಳಿದ್ರಿ?”

ಭಾನುವಾರ ಅರಿಶಿನ ಒಣಗಿದ ಕಾಗದದ ಮೇಲೆ ಯೋಗಾನಂದರು ನೀಲಿ ಇಂಕಿನಲ್ಲಿ ಲಗ್ನಪತ್ರಿಕೆ ಬರೆದರು. ಬೀಗರ ಕಡೆಯ ಪ್ರತಿಯೊಬ್ಬರೂ ಮುಟ್ಟಿ ನೋಡಿದರು. ಒಂದು ಚುಕ್ಕೆಯೂ ಅಲುಗಲಿಲ್ಲ. ಅಂಜನಮ್ಮನವರ ಮಾವನ ಪೆನ್ನಿಗೆ ಮಾತ್ರ ಅಮೋನಿಯಾವೂ ಜೀವ ಕೊಡಲಿಲ್ಲ. ಅವರಿಗೆ ಪೆನ್ನಿನ ಬದಲು ಊಟದ ಪಂಕ್ತಿಯಲ್ಲಿ ಎರಡು ಹೋಳಿಗೆ ಹೆಚ್ಚು ಬಡಿಸಲಾಯಿತು.

ಊಟವಾದ ಮೇಲೆ ಯೋಗಾನಂದರು ಆ ಹಕ್ಕಿಯ ಚಿತ್ರದ ಸೀಸೆಯನ್ನು ಚರಂಡಿಗೆ ಸುರಿಯಲು ಹೊರಟರು. ಅಜ್ಜಿ ತಡೆದರು. “ಇಲ್ಲಿ ಕೊಡಿ. ಎಸೀಬ್ಯಾಡಿ.”

“ಅತ್ತೆ, ಇದು ಪೆನ್ನಿಗೆ ಸೇಫ್ ಅಲ್ಲ.”

“ಪೆನ್ನಿಗಲ್ದೆ ಇರ್ಬೌದು,” ಎಂದು ಸೀಸೆಯನ್ನು ಎಲೆಅಡಿಕೆ ಚೀಲಕ್ಕೆ ಇಳಿಸಿದರು. ಅದರ ಪಕ್ಕದಲ್ಲೇ ನಾಲ್ಕು ಮಡಿಕೆಯ ಒಂದು ಕಾಗದ. ಅದನ್ನು ನೋಡಿದ ವೆಂಕಟೇಶ ಬಗ್ಗಿ ಅಮ್ಮನ ಚಪ್ಪಲಿಯನ್ನು ಕಾಲ ಬಳಿ ಸರಿಸಿದ.

“ಅವ್ವ, ಆ ‘ನನ್ನ’ ಅನ್ನೋದು... ಮುಂದಕ್ಕೆ ಯಾವಾಗ ಬರೀತೀಯ?”

“ಬರೀತೀನಿ ಕಣ್ಲಾ. ಏನ್ ಅವಸರ? ಅಳಿಸಿ ಹೋಗೋ ಇಂಕಲ್ವಲ್ಲ,” ಎಂದರು ಅಜ್ಜಿ, ಕಾರಿನ ಬಾಗಿಲನ್ನು ಮಗನೇ ಬಂದು ತೆರೆಯುವುದನ್ನು ಕಾಯುತ್ತ. “ಹೋಗ್ತಾ ದಾರೀಲಿ ಒಂದ್ ಎಳನೀರು ಕುಡ್ಯಾನಾ. ಗಂಜಿ ಇರಾದು.”